ದೊಡ್ಡ ಬಜೆಟ್ಟಿನ ಧಾರಾವಾಹಿಯನ್ನು ಅಳೆಯುವ ಬಗೆ

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಸಂಜೆಯಿಂದ ರಾತ್ರಿ ಹತ್ತರವರೆಗೆ ಕನ್ನಡದ ದೈನಂದಿನ ಧಾರಾವಾಹಿಗಳು ನಡೆಯುತ್ತವೆ. ಅವು ಮುಗಿದ ಮೇಲೆ ಅದೇ ಟಿ.ವಿ.ಯ ಮುಂದೆ ಮನೆಯ ಹುಡುಗರು ಅಮೆರಿಕದ್ದೋ ಕೊರಿಯಾದ್ದೋ ಒಂದು ಸರಣಿಯನ್ನು ಹಾಕಿಕೊಂಡು ಕೂರುತ್ತಾರೆ. ಎರಡನ್ನೂ ನೋಡಿದ ಹಿರಿಯರು ಕೊನೆಗೆ ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಅವರ ಕಡೆ ರೊಕ್ಕ ಐತಿ, ಅದಕ್ಕ ಛಂದ ಮಾಡ್ತಾರ." ಈ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಎಷ್ಟು ಸತ್ಯ, ಯಾವ ಧಾರಾವಾಹಿಯ ವಿಷಯದಲ್ಲಿ ಸತ್ಯ ಎಂಬುದನ್ನು ನಾವು ಪರೀಕ್ಷಿಸಿ ನೋಡುವುದಿಲ್ಲ. ಪರೀಕ್ಷಿಸುವುದಕ್ಕೆ ಚಿತ್ರರಂಗದ ಒಳಗಿನವರಾಗಿರಬೇಕಿಲ್ಲ. ಒಂದು ನೋಟ್‌ಬುಕ್ಕು, ಎರಡು ಮೂರು ಸಂಜೆಗಳು, ಜೊತೆಗೆ ವಾದ ಮಾಡುವುದಕ್ಕೆ ಇಬ್ಬರು ಗೆಳೆಯರು ಇದ್ದರೆ ಸಾಕು. ಪರೀಕ್ಷೆಗೆ ಆಧಾರವಾಗಿ ನಾನು ಇಟ್ಟುಕೊಂಡಿರುವ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಸಮಯವನ್ನು ಕೊಂಡ ಹಣ ಧಾರಾವಾಹಿಯನ್ನು ಉತ್ತಮಗೊಳಿಸುತ್ತದೆ, ವಸ್ತುಗಳನ್ನು ಮಾತ್ರ ಕೊಂಡ ಹಣ ಅದನ್ನು ದೊಡ್ಡದಾಗಿ ಕಾಣಿಸುತ್ತದೆ. ಇದನ್ನು ಒಪ್ಪಬೇಕೋ ಬೇಡವೋ ಎಂಬುದನ್ನು ಓದುಗರು ತಾವೇ ನೋಡಿ ನಿರ್ಧರಿಸಬಹುದು.

ಅಂಕಿಯನ್ನು ಬಿಡಿಸಿ ಓದುವುದು

ಪತ್ರಿಕೆಯಲ್ಲಿ ಬಜೆಟ್ಟಿನ ಅಂಕಿಯೊಂದು ಕಂಡಾಗ ಅದನ್ನು ಹಾಗೆಯೇ ನುಂಗದೆ ಮೊದಲು ಕಂತುಗಳಿಗೆ ಭಾಗಿಸಬೇಕು. 2017ರಲ್ಲಿ ಸೋನಿ ವಾಹಿನಿಯಲ್ಲಿ ಆರಂಭವಾದ 'ಪೋರಸ್' ಎಂಬ ಹಿಂದಿ ಧಾರಾವಾಹಿಗೆ 500 ಕೋಟಿ ರೂಪಾಯಿ ವೆಚ್ಚವೆಂದು ವರದಿಯಾಗಿತ್ತು, ಭಾರತದ ಅತ್ಯಂತ ದುಬಾರಿ ಧಾರಾವಾಹಿ ಎಂದು ಅದನ್ನು ಬಣ್ಣಿಸಲಾಗಿತ್ತು. ಅದು ಸುಮಾರು 300 ಕಂತುಗಳವರೆಗೆ ನಡೆಯಿತು, ಅಂದರೆ ಕಂತಿಗೆ ಒಂದೂಮುಕ್ಕಾಲು ಕೋಟಿಯೂ ಪೂರ್ತಿ ಬರುವುದಿಲ್ಲ. ಅಮೆಜಾನ್ 2022ರಲ್ಲಿ ಬಿಡುಗಡೆ ಮಾಡಿದ 'ದಿ ರಿಂಗ್ಸ್ ಆಫ್ ಪವರ್' ಸರಣಿಯ ಮೊದಲ ಸೀಸನ್ನಿಗೆ ತಗುಲಿದ ವೆಚ್ಚ ಸುಮಾರು 46.5 ಕೋಟಿ ಡಾಲರ್ ಎಂದು ವರದಿಗಳಿದ್ದವು. ಅಂದಿನ ದರದಲ್ಲಿ ಅದು 3,700 ಕೋಟಿ ರೂಪಾಯಿಯ ಆಸುಪಾಸು, ಕಂತುಗಳು ಎಂಟೇ ಎಂಟು. ಕೊರಿಯಾದ 'ಸ್ಕ್ವಿಡ್ ಗೇಮ್' 2021ರಲ್ಲಿ ಒಂಬತ್ತು ಕಂತುಗಳಿಗೆ ಒಟ್ಟು ಸುಮಾರು 2.14 ಕೋಟಿ ಡಾಲರಿನಲ್ಲಿ ಮುಗಿದಿತ್ತೆಂದು ಸುದ್ದಿಯಾಯಿತು, ಅಂದರೆ ಸುಮಾರು 160 ಕೋಟಿ ರೂಪಾಯಿ. ಭಾಗಿಸಿದ ಮೇಲೆ ಮೂರೂ ಬೇರೆ ಬೇರೆ ಪ್ರಾಣಿಗಳೆಂಬುದು ತಿಳಿಯುತ್ತದೆ. 'ಪೋರಸ್'ನ 500 ಕೋಟಿ 'ಸ್ಕ್ವಿಡ್ ಗೇಮ್'ನ 160 ಕೋಟಿಗಿಂತ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ, ಆದರೆ ಕಂತಿನ ಲೆಕ್ಕದಲ್ಲಿ ಅದರ ಹತ್ತನೆಯ ಒಂದು ಭಾಗದಷ್ಟೂ ಅಲ್ಲ.

ಎರಡನೆಯದಾಗಿ, ಅಂಕಿಯೊಳಗೆ ಏನೇನು ಸೇರಿದೆ ಎಂದು ಕೇಳಬೇಕು. 'ರಿಂಗ್ಸ್ ಆಫ್ ಪವರ್'ನ ಹಕ್ಕುಗಳಿಗೆ 2017ರಲ್ಲಿಯೇ ಕೊಟ್ಟರೆನ್ನಲಾದ ಸುಮಾರು 25 ಕೋಟಿ ಡಾಲರ್ ಈ ಮೊತ್ತಕ್ಕೆ ಹೊರತಾದುದು. ಅದೇ ವೇಳೆಗೆ ಆ ಮೊತ್ತದಲ್ಲಿ ಮುಂದಿನ ಸೀಸನ್‌ಗಳಿಗೂ ಬಳಸಬಹುದಾದ ಸೆಟ್ಟು, ಉಡುಪು, ಸಲಕರಣೆಗಳ ಖರ್ಚು ಸೇರಿದೆ, ಚಿತ್ರೀಕರಣ ನಡೆದ ನ್ಯೂಜಿಲೆಂಡ್ ಸರಕಾರ ಖರ್ಚಿನ ಒಂದು ಪಾಲನ್ನು ಹಿಂದಿರುಗಿಸುವ ಯೋಜನೆಯೂ ಇತ್ತು. ಇನ್ನು ನೆಟ್‌ಫ್ಲಿಕ್ಸ್‌ನಂಥ ಸಂಸ್ಥೆಗಳು ನಿರ್ಮಾಪಕರಿಗೆ ಆಮೇಲಿನ ಲಾಭದಲ್ಲಿ ಪಾಲು ಕೊಡುವ ಬದಲು, ತಯಾರಿಕೆಯ ವೆಚ್ಚದ ಮೇಲೆ ಇಂತಿಷ್ಟು ಎಂದು ಮೊದಲೇ ಹೆಚ್ಚಿಗೆ ಕೊಟ್ಟುಬಿಡುವ ಪದ್ಧತಿಯನ್ನು ರೂಢಿಸಿಕೊಂಡಿವೆ. ಹಿಂದೆ ಮರುಪ್ರಸಾರದಿಂದ ವರ್ಷಗಟ್ಟಲೆ ಬರುತ್ತಿದ್ದ ಸಂಭಾವನೆ ಈಗ ಮೊದಲ ದಿನದ ಲೆಕ್ಕದಲ್ಲಿಯೇ ಬಂದು ಕೂತಿರುತ್ತದೆ. ಹಾಗಾಗಿ ಇಪ್ಪತ್ತು ವರ್ಷ ಹಿಂದಿನ ಧಾರಾವಾಹಿಯ ಅಂಕಿಯನ್ನೂ ಇಂದಿನದನ್ನೂ ಒಂದೇ ಸಾಲಿನಲ್ಲಿ ಬರೆದು ಹೋಲಿಸಿದರೆ ಉತ್ತರ ತಪ್ಪಾಗುತ್ತದೆ.

ದುಬಾರಿ ಎಂಬ ಮಾತೇ ಜಾಹೀರಾತಾಗಿರುವ ಸಂದರ್ಭಗಳೂ ಉಂಟು. ಬಿಡುಗಡೆಗೆ ಮುನ್ನ ನಿರ್ಮಾಣ ಸಂಸ್ಥೆಯೇ ಉತ್ಸಾಹದಿಂದ ಹೇಳಿದ ಅಂಕಿಗೂ, ಬಿಡುಗಡೆಯಾದ ಮೇಲೆ ಪತ್ರಕರ್ತರು ಅಗೆದು ತೆಗೆದ ಅಂಕಿಗೂ ಒಂದೇ ಬೆಲೆ ಕೊಡಬಾರದು. ನೋಟ್‌ಬುಕ್ಕಿನಲ್ಲಿ ಅಂಕಿಯ ಪಕ್ಕದಲ್ಲಿಯೇ ಅದನ್ನು ಹೇಳಿದವರು ಯಾರು, ಯಾವಾಗ ಹೇಳಿದರು ಎಂದು ಬರೆದಿಡುವುದು ಒಳ್ಳೆಯದು.

ರೊಕ್ಕ ಎಲ್ಲಿಗೆ ಹೋಯಿತು

ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಲ್ಲಿ ಜಾತ್ರೆಗೆಂದು ನಾಟಕ ಕಟ್ಟಿದವರಿಗೆ ಮುಂದಿನ ಹಂತವನ್ನು ಯಾರೂ ಕಲಿಸಬೇಕಿಲ್ಲ. ಪಟ್ಟಿ ಎತ್ತಿದ ಹಣದಲ್ಲಿ ರಂಗಸಜ್ಜಿಕೆಯ ಬಾಡಿಗೆಗೆ ಎಷ್ಟು, ಹೊರಗಿನಿಂದ ಕರೆಸಿದ ಕಲಾವಿದೆಯರಿಗೆ ಎಷ್ಟು, ಹಾರ್ಮೋನಿಯಂ-ತಬಲಾದವರಿಗೆ, ಮೈಕು-ಬೆಳಕಿಗೆ, ಮೇಕಪ್ಪಿಗೆ, ಕರಪತ್ರಕ್ಕೆ ಎಷ್ಟು, ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿಸಿದ ಮಾಸ್ತರರಿಗೆ ಉಳಿದದ್ದು ಎಷ್ಟು ಎಂಬುದು ಊರಿನ ಅರ್ಧ ಜನಕ್ಕೆ ಬಾಯಿಪಾಠವಾಗಿರುತ್ತದೆ. ಕರಪತ್ರದ ಮೇಲೆ ದಪ್ಪ ಅಕ್ಷರಗಳಲ್ಲಿ 'ಭವ್ಯ ರಂಗಸಜ್ಜಿಕೆ' ಎಂದು ಅಚ್ಚಾಗುತ್ತದೆ. ತಾಲೀಮು ಎಷ್ಟು ದಿನ ನಡೆಯಿತು ಎಂದು ಯಾವ ಕರಪತ್ರದಲ್ಲಿಯೂ ಅಚ್ಚಾದದ್ದನ್ನು ನಾನು ಕಂಡಿಲ್ಲ. ಆದರೆ ಬೆಳಗಿನ ಜಾವದವರೆಗೆ ಜನ ಕೂತಿದ್ದರೋ ಎದ್ದು ಹೋದರೋ ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಆ ಅಚ್ಚಾಗದ ಬಾಬತ್ತು.

ಟಿ.ವಿ. ಸರಣಿಯ ಲೆಕ್ಕವನ್ನೂ ಇದೇ ಬಾಬತ್ತುಗಳಾಗಿ ಒಡೆಯಬಹುದು. ಮೂಲಕೃತಿಯ ಹಕ್ಕು, ತಾರೆಗಳ ಸಂಭಾವನೆ, ಸೆಟ್ಟು ಮತ್ತು ಉಡುಪು, ಗ್ರಾಫಿಕ್ಸ್, ಹೊರಾಂಗಣ ಪ್ರಯಾಣ, ಚಿತ್ರೀಕರಣದ ದಿನಗಳು, ಬರಹಗಾರರ ತಂಡ, ಮರುಚಿತ್ರೀಕರಣ: ಇವಿಷ್ಟು ಮುಖ್ಯವಾದವು. ಪ್ರಚಾರದ ವೆಚ್ಚ ಸಾಮಾನ್ಯವಾಗಿ ಇವುಗಳ ಹೊರಗಿರುತ್ತದೆ. ಇವುಗಳಲ್ಲಿ ಒಂದೊಂದು ಬಾಬತ್ತು ಹಿಗ್ಗಿದಾಗಲೂ ಒಟ್ಟು ಮೊತ್ತ ಹಿಗ್ಗುತ್ತದೆ, ಆದರೆ ಪರದೆಯ ಮೇಲಿನ ಪರಿಣಾಮ ಒಂದೇ ಆಗಿರುವುದಿಲ್ಲ. 'ಫ್ರೆಂಡ್ಸ್' ಎಂಬ ಅಮೆರಿಕನ್ ಹಾಸ್ಯಸರಣಿಯ ಕೊನೆಯ ಎರಡು ಸೀಸನ್‌ಗಳಲ್ಲಿ ಆರು ಮಂದಿ ಮುಖ್ಯ ನಟರಿಗೆ ತಲಾ ಕಂತಿಗೆ 10 ಲಕ್ಷ ಡಾಲರ್ ಸಂಭಾವನೆಯಿತ್ತು. ಕಥೆ ಮಾತ್ರ ಹಿಂದಿನಂತೆಯೇ ಅದೇ ಕಾಫಿ ಅಂಗಡಿಯ ಸೋಫಾದ ಮೇಲೆ, ಅದೇ ಎರಡು ಮನೆಗಳೊಳಗೆ ನಡೆಯುತ್ತಿತ್ತು. ಖರ್ಚು ಏರಿದ್ದು ಜನಪ್ರಿಯತೆಯ ಫಲವಾಗಿಯೇ ಹೊರತು ಗುಣಮಟ್ಟಕ್ಕೆ ಕಾರಣವಾಗಿ ಅಲ್ಲ. ಯಶಸ್ಸು ಮೊದಲು ಬಂದು ಹಣ ಅದರ ಹಿಂದೆ ಬಂದ ಇಂಥ ಉದಾಹರಣೆಗಳನ್ನು 'ಹಣದಿಂದ ಯಶಸ್ಸು' ಎಂಬ ಕಾಲಮ್ಮಿಗೆ ಬರೆಯದಂತೆ ಎಚ್ಚರವಹಿಸಬೇಕು. ಈ ತಪ್ಪು ಚರ್ಚೆಗಳಲ್ಲಿ ಪದೇ ಪದೇ ನುಸುಳುತ್ತದೆ.

ಬೆರಗು ಹುಟ್ಟಿಸುವ ಖರ್ಚನ್ನು ಹೀಗೆಂದು ತಿರಸ್ಕರಿಸಲೂಬಾರದು. ಗುಬ್ಬಿ ಕಂಪನಿಯವರು 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ-ಕುದುರೆಗಳನ್ನು ರಂಗದ ಮೇಲೆ ತಂದದ್ದನ್ನು ಜನ ತಲೆಮಾರುಗಳವರೆಗೆ ಹೇಳಿಕೊಂಡರು. ಅದು ಆ ನಾಟಕದ ಆಕರ್ಷಣೆಯ ಒಂದು ಭಾಗವೇ ಆಗಿತ್ತು. ಆದರೆ ಆನೆಯನ್ನು ನೋಡಲು ಬಂದವನನ್ನು ಹಿಡಿದು ಕೂರಿಸಿದ್ದು ವರ್ಷಾನುಗಟ್ಟಲೆ ಪಳಗಿದ ಕಂಠಗಳು.

ಸಮಯವನ್ನು ಕೊಂಡ ಹಣ

ಪರೀಕ್ಷೆಯ ತಿರುಳು ಇಲ್ಲಿದೆ. ಬಾಬತ್ತುಗಳನ್ನು ಒಡೆದ ಮೇಲೆ ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆಯನ್ನು ಬರೆಯಬೇಕು: ಈ ಹಣದಿಂದ ಯಾರಿಗೆ ಎಷ್ಟು ಸಮಯ ಸಿಕ್ಕಿತು?

ಅಮೆರಿಕದ ಎಚ್‌ಬಿಒ ವಾಹಿನಿಯ 'ಬ್ಯಾಂಡ್ ಆಫ್ ಬ್ರದರ್ಸ್' 2001ರಲ್ಲಿ ಬಂದಾಗ ಹತ್ತು ಕಂತುಗಳಿಗೆ ಸುಮಾರು 12.5 ಕೋಟಿ ಡಾಲರ್ ವೆಚ್ಚವಾಗಿತ್ತು. ಆ ಕಾಲಕ್ಕೆ ಅದು ಕಿರುತೆರೆಯಲ್ಲಿ ಕೇಳರಿಯದ ಮೊತ್ತ. ಯುದ್ಧದ ದೃಶ್ಯಗಳಿಗೆ ಅದರಲ್ಲಿ ಧಾರಾಳವಾಗಿ ಖರ್ಚಾಗಿದೆ ಎಂಬುದು ನೋಡಿದೊಡನೆಯೇ ತಿಳಿಯುತ್ತದೆ. ಆದರೆ ಚಿತ್ರೀಕರಣಕ್ಕೆ ಮೊದಲು ನಟರನ್ನೆಲ್ಲ ಹತ್ತು ದಿನ ಸೈನಿಕ ಶಿಬಿರದಲ್ಲಿಟ್ಟು, ನಿವೃತ್ತ ಸೇನಾಧಿಕಾರಿಯೊಬ್ಬರ ಕೈಯಲ್ಲಿ ನಿಜವಾದ ತರಬೇತಿ ಕೊಡಿಸಿದ್ದರು ಎಂಬುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಆ ನಟರು ಬಂದೂಕು ಹಿಡಿಯುವ ರೀತಿ, ಒಬ್ಬರ ಪಕ್ಕ ಒಬ್ಬರು ಮಾತಿಲ್ಲದೆ ಕೂರುವ ರೀತಿ ಆ ತಾಲೀಮಿನಿಂದ ಬಂದದ್ದು. ಬಿಬಿಸಿಯ 2006ರ 'ಪ್ಲಾನೆಟ್ ಅರ್ಥ್' ಇದಕ್ಕಿಂತ ಸ್ಪಷ್ಟವಾದ ಉದಾಹರಣೆ. ಆ ಸಾಕ್ಷ್ಯಚಿತ್ರಮಾಲೆಯ ತಯಾರಿಗೆ ಸುಮಾರು ಐದು ವರ್ಷ ಹಿಡಿಯಿತು. ಹಿಮಚಿರತೆಯೊಂದು ಕ್ಯಾಮರಾದ ಎದುರು ಹಾದುಹೋಗುವವರೆಗೆ ಬೆಟ್ಟದ ಮೇಲೆ ಕಾಯುತ್ತ ಕೂರುವವರಿಗೆ ಸಂಬಳ ಕೊಡುವುದೇ ಅಲ್ಲಿ ದೊಡ್ಡ ಬಜೆಟ್ಟಿನ ಅರ್ಥ. ವನ್ಯಜೀವಿ ಚಿತ್ರಗಳ ಮಟ್ಟಿಗೆ ಹೆಚ್ಚು ಹಣ ಕೊಟ್ಟರೆ ಹೆಚ್ಚು ಒಳ್ಳೆಯದು ಸಿಗುತ್ತದೆ ಎಂಬ ವಾದವನ್ನು ನಾನು ಬಹುತೇಕ ಒಪ್ಪುತ್ತೇನೆ.

ಮರುಚಿತ್ರೀಕರಣವೂ ಸಮಯವನ್ನೇ ಕೊಳ್ಳುತ್ತದೆ, ಆದರೆ ಅದರಲ್ಲಿ ಎರಡು ಬಗೆ. 'ಗೇಮ್ ಆಫ್ ಥ್ರೋನ್ಸ್' ಎಂಬ ಅಮೆರಿಕನ್ ಸರಣಿಯ ಮೊದಲ ಕಂತನ್ನು ತಯಾರಿಸಿ ನೋಡಿದಾಗ ಅದು ತೀರ ಕಳಪೆಯಾಗಿತ್ತೆಂದು ಅದರ ಕರ್ತೃಗಳೇ ಒಪ್ಪಿಕೊಂಡಿದ್ದಾರೆ. ನಿರ್ದೇಶಕರನ್ನೂ ಕೆಲವು ನಟರನ್ನೂ ಬದಲಿಸಿ ಅದರ ಬಹುಪಾಲನ್ನು ಮತ್ತೆ ಚಿತ್ರಿಸಿದರು, 2011ರಲ್ಲಿ ಜನ ನೋಡಿದ್ದು ಆ ಎರಡನೆಯ ರೂಪವನ್ನು. ಸರಣಿ ಇನ್ನೂ ಆರಂಭವಾಗಿರದ ಹಂತದಲ್ಲಿ, ಏನು ತಪ್ಪಾಗಿದೆ ಎಂದು ತಿಳಿದ ಮೇಲೆ ತಿದ್ದಿದ ತಿದ್ದುಪಡಿ ಅದು. ಅಮೆಜಾನ್‌ನ 'ಸಿಟಾಡೆಲ್' ವಿಷಯ ಬೇರೆ. ತಂಡದೊಳಗಿನ ಭಿನ್ನಾಭಿಪ್ರಾಯಗಳ ನಂತರ ವ್ಯಾಪಕವಾದ ಮರುಚಿತ್ರೀಕರಣ ನಡೆದು, ಆರು ಕಂತುಗಳ ಮೊದಲ ಸೀಸನ್ನಿನ ವೆಚ್ಚ 30 ಕೋಟಿ ಡಾಲರಿನ ಹತ್ತಿರ ಹೋಯಿತೆಂದು ವರದಿಗಳು ಹೇಳಿದವು. 2023ರಲ್ಲಿ ಬಂದ ಅದನ್ನು ನೋಡಿದವರಿಗೆ ಹೊಡೆದಾಟಗಳು ನೆನಪಿರಬಹುದು, ಪಾತ್ರಗಳ ಹೆಸರು ನೆನಪಿರುವುದು ಕಷ್ಟ. ಬರಹ ಗಟ್ಟಿಯಾಗುವ ಮೊದಲೇ ಕ್ಯಾಮರಾ ಹೊರಟರೆ, ಆಮೇಲೆ ಕೊಂಡ ಸಮಯ ಮೊದಲಿನ ಸಮಯದ ಬೆಲೆಗೆ ಸಿಗುವುದಿಲ್ಲ.

ಬರಹದ ಸಮಯವಂತೂ ಬಜೆಟ್ಟಿನಲ್ಲಿ ಕಾಣಿಸಿಕೊಳ್ಳದೆಯೂ ಇರಬಹುದು. 'ಸ್ಕ್ವಿಡ್ ಗೇಮ್' ಅಗ್ಗವಾಗಿತ್ತು ಎಂದು ಹೇಳುವಾಗ, ಅದರ ಕರ್ತೃ ಹ್ವಾಂಗ್ ಡಾಂಗ್-ಹ್ಯುಕ್ ಆ ಕಥೆಯನ್ನು ಸುಮಾರು ಹತ್ತು ವರ್ಷಗಳಿಗೂ ಮೊದಲೇ ಬರೆದು, ನಿರ್ಮಾಪಕರು ತಿರಸ್ಕರಿಸಿದ ಮೇಲೆ ತಮ್ಮಲ್ಲಿಯೇ ಇಟ್ಟುಕೊಂಡಿದ್ದರು ಎಂಬುದನ್ನು ಲೆಕ್ಕಕ್ಕೆ ಸೇರಿಸಬೇಕು. ಬ್ರಿಟನ್ನಿನ 'ಫ್ಲೀಬ್ಯಾಗ್' 2016ರಲ್ಲಿ ಟಿ.ವಿ.ಗೆ ಬರುವ ಮೊದಲು, 2013ರ ಎಡಿನ್‌ಬರೋ ನಾಟಕೋತ್ಸವದಲ್ಲಿ ಒಬ್ಬ ನಟಿಯ ಏಕವ್ಯಕ್ತಿ ರಂಗಪ್ರಯೋಗವಾಗಿತ್ತು. ನಮ್ಮಲ್ಲಿಯೇ ನೋಡುವುದಾದರೆ, 1980ರ ದಶಕದಲ್ಲಿ ಶಂಕರ್‌ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಆಗುಂಬೆಯ ಬೀದಿಯನ್ನೂ ದೊಡ್ಡಮನೆಯನ್ನೂ ಬಳಸಿಕೊಂಡಿತು. ಅದಕ್ಕೆ ಆಧಾರವಾಗಿದ್ದ ಆರ್.ಕೆ. ನಾರಾಯಣರ ಕಥೆಗಳು ದಶಕಗಳಿಂದ ಓದುಗರ ಕೈಯಲ್ಲಿ ಪಳಗಿದ್ದವು. ಸ್ವಾಮಿಯ ತಂದೆಯ ಪಾತ್ರಕ್ಕೆ ಗಿರೀಶ ಕಾರ್ನಾಡರು ಬಂದು ನಿಂತರೆ ಆ ಪಾತ್ರಕ್ಕೆ ಗ್ರಾಫಿಕ್ಸಿನ ಅಗತ್ಯ ಬೀಳುವುದಿಲ್ಲ. ಇಂಥ ಧಾರಾವಾಹಿಗಳನ್ನು 'ಹಣವಿಲ್ಲದೆ ಮಾಡಿದ್ದು' ಎಂದು ಕರೆಯುವುದು ಸರಿಯಲ್ಲ. ಅವುಗಳಿಗೆ ಬೇಕಾದ ಸಮಯವನ್ನು ಬೇರೆ ಯಾರೋ ಮೊದಲೇ ತೆತ್ತಿದ್ದರು.

ಕನ್ನಡದ ದೈನಂದಿನ ಧಾರಾವಾಹಿಯ ಬಡತನ ಎಲ್ಲಿದೆ ಎಂಬುದೂ ಇದರಿಂದ ತಿಳಿಯುತ್ತದೆ. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತುಗಳನ್ನು ಕಳೆದರೆ ಇಪ್ಪತ್ತೆರಡು ನಿಮಿಷಗಳ ಆಸುಪಾಸು ಉಳಿಯುತ್ತದೆ, ಅಷ್ಟನ್ನು ಯೂನಿಟ್ಟಿನವರು ಹೆಚ್ಚುಕಡಿಮೆ ಒಂದು ದಿನದಲ್ಲಿ ಚಿತ್ರಿಸಬೇಕು. ಬ್ಯಾಂಕಿಂಗ್ ಕಡಿಮೆಯಾದಾಗ, ಅಂದರೆ ಮುಂಚಿತವಾಗಿ ತೆಗೆದಿಟ್ಟ ಕಂತುಗಳು ಮುಗಿಯುತ್ತ ಬಂದಾಗ, ಸಂಭಾಷಣೆಯ ಹಾಳೆ ಸೆಟ್ಟಿಗೆ ಅದೇ ದಿನ ಬರುವುದೂ ಉಂಟು. ವಾರವಾರವೂ ಬರುವ ಬಾರ್ಕ್ ಟಿಆರ್‌ಪಿಯನ್ನು, ಅಂದರೆ ಎಷ್ಟು ಜನ ನೋಡಿದರೆಂಬ ಅಳತೆಯನ್ನು, ನೋಡಿ ಕಥೆಯ ದಿಕ್ಕು ಬದಲಾಗುತ್ತದೆ. ಅಮೆರಿಕದ ಸಾಮಾನ್ಯ ವಾಹಿನಿಯೊಂದರ ಒಂದು ಗಂಟೆಯ ಕಂತಿಗೆ ಎಂಟರಿಂದ ಹತ್ತು ಚಿತ್ರೀಕರಣದ ದಿನಗಳು ಸಿಗುತ್ತವೆ. 'ಗೇಮ್ ಆಫ್ ಥ್ರೋನ್ಸ್'ನ ಕೊನೆಯ ಸೀಸನ್ನಿನ ಒಂದೇ ಯುದ್ಧಕ್ಕೆ 55 ರಾತ್ರಿಗಳ ಹೊರಾಂಗಣ ಚಿತ್ರೀಕರಣ ನಡೆದಿತ್ತು. ನಮ್ಮ ನಟರಿಗೆ ಪ್ರತಿಭೆ ಕಡಿಮೆಯೆಂದೋ ಸೆಟ್ಟು ಚಿಕ್ಕದೆಂದೋ ದೂರುವುದಕ್ಕಿಂತ ಮೊದಲು ಈ ಒಂದು ದಿನದ ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅರಮನೆಯಂಥ ಮನೆಯನ್ನು ಬಾಡಿಗೆಗೆ ಹಿಡಿಯುವ ಹಣದಲ್ಲಿ ಚಿತ್ರೀಕರಣಕ್ಕೆ ಇನ್ನೊಂದು ದಿನವನ್ನು ಕೊಂಡಿದ್ದರೆ ಆ ಕಂತು ಖಂಡಿತವಾಗಿ ಬೇರೆಯಾಗಿರುತ್ತಿತ್ತು.

ಕಣ್ಣನ್ನೂ ಕಿವಿಯನ್ನೂ ಬೇರೆ ಬೇರೆಯಾಗಿ ಕೂರಿಸುವುದು

ಇನ್ನು ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗ. ದುಬಾರಿ ಸರಣಿಯೊಂದರ ನಡುವಿನ ಯಾವುದಾದರೂ ಕಂತನ್ನು ಆರಿಸಿಕೊಳ್ಳಿ. ಮೊದಲ ಕಂತು ಬೇಡ, ಏಕೆಂದರೆ ಹಣವನ್ನೂ ಎಚ್ಚರಿಕೆಯನ್ನೂ ಅಲ್ಲಿ ಹೆಚ್ಚಾಗಿ ಸುರಿದಿರುತ್ತಾರೆ. ಹತ್ತು ನಿಮಿಷ ಪರದೆಗೆ ಬೆನ್ನು ಹಾಕಿ ಕೂತು ಬರೀ ಕೇಳಿ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ನಾಟಕಗಳನ್ನು ಕೇಳುತ್ತ ಬೆಳೆದವರಿಗೆ ಇದು ಕಷ್ಟದ ಕೆಲಸವಲ್ಲ. ಯಾರು ಯಾರೊಡನೆ ಮಾತಾಡುತ್ತಿದ್ದಾರೆ, ಒಬ್ಬರು ಇನ್ನೊಬ್ಬರಿಂದ ಏನನ್ನು ಬಯಸುತ್ತಿದ್ದಾರೆ, ಹತ್ತು ನಿಮಿಷಗಳ ಕೊನೆಗೆ ಏನಾದರೂ ಬದಲಾಯಿತೇ ಎಂಬುದನ್ನು ಬರೆದುಕೊಳ್ಳಿ. ಭಾಷೆ ಪರಕೀಯವಾಗಿದ್ದರೆ ಕನ್ನಡಕ್ಕೋ ಹಿಂದಿಗೋ ಡಬ್ ಆದ ರೂಪವನ್ನು ಹಾಕಿಕೊಳ್ಳಬಹುದು. ಧ್ವನಿಗಳು ಮೂಲದವಲ್ಲದಿದ್ದರೂ ಬರಹದ ಬಿಗಿ ತಿಳಿಯದೆ ಹೋಗುವುದಿಲ್ಲ.

ಆಮೇಲೆ ಅದೇ ಹತ್ತು ನಿಮಿಷವನ್ನು ಸದ್ದಿಲ್ಲದೆ ನೋಡಿ. ಹಣ ಈಗ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಬೆಟ್ಟದ ಮೇಲಿನ ಕೋಟೆ, ಸಾವಿರ ಸೈನಿಕರು, ಬಟ್ಟೆಯ ಅಂಚಿನ ಕಸೂತಿ ಎಲ್ಲವೂ ಕಾಣುತ್ತವೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಇಷ್ಟೇ: ಕಾಣುತ್ತಿರುವುದರಲ್ಲಿ ಯಾವುದನ್ನು ತೆಗೆದುಹಾಕಿದರೆ ಕಥೆ ನಿಂತುಹೋಗುತ್ತದೆ? ಉತ್ತರದ ಪಟ್ಟಿ ಆಶ್ಚರ್ಯವಾಗುವಷ್ಟು ಚಿಕ್ಕದಾಗಿರುವುದನ್ನು ನಾನು ಹಲವು ಸರಣಿಗಳಲ್ಲಿ ಗಮನಿಸಿದ್ದೇನೆ. ಕೇಳಿದಾಗಲೂ ಹಿಡಿದಿಟ್ಟು, ನೋಡಿದಾಗಲೂ ಹಿಡಿದಿಟ್ಟ ಸರಣಿಯಲ್ಲಿ ಹಣ ಸಾರ್ಥಕವಾಗಿದೆ ಎಂದು ನಿಸ್ಸಂಕೋಚವಾಗಿ ಬರೆದುಕೊಳ್ಳಿ. ಕೇಳಿದಾಗ ಸತ್ತಂತಿದ್ದು ನೋಡಿದಾಗ ಮಾತ್ರ ಮಿಂಚಿದ್ದರೆ ಅದು ರಂಗಸಜ್ಜಿಕೆಯ ನಾಟಕ.

ಇದೇ ಪರೀಕ್ಷೆಯನ್ನು ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳ ಮೇಲೆ ಮಾಡಿ ನೋಡಿದರೆ ಸಂತೋಷವಾಗುತ್ತದೆ. ಒಂದು ಕೋಣೆ, ಒಂದು ಕಟಕಟೆ, ಎರಡು ಕರಿಯ ಕೋಟು. ಕಣ್ಣಿಗೆ ಹೆಚ್ಚೇನೂ ಇಲ್ಲ, ಆದರೆ ಕಿವಿ ಮಾತ್ರ ಅಲ್ಲಿಂದ ಏಳುವುದಿಲ್ಲ.

ಒಂದನ್ನು ಅದರೊಡನೆಯೇ ಹೋಲಿಸುವುದು

ಬೇರೆ ಬೇರೆ ಧಾರಾವಾಹಿಗಳನ್ನು ಹೋಲಿಸುವಾಗ ಕಥೆ, ಭಾಷೆ, ಅಭಿರುಚಿ ಎಲ್ಲವೂ ಅಡ್ಡ ಬರುತ್ತವೆ. ಅದಕ್ಕಿಂತ ನಂಬಿಕೆಗೆ ಅರ್ಹವಾದ ದಾರಿಯೆಂದರೆ, ವರ್ಷ ಕಳೆದಂತೆ ಬಜೆಟ್ ಬೆಳೆದ ಒಂದೇ ಸರಣಿಯ ಹಳೆಯ ಕಂತನ್ನೂ ಹೊಸ ಕಂತನ್ನೂ ಅಕ್ಕಪಕ್ಕ ಇಡುವುದು. ಇದಕ್ಕೆ 'ಗೇಮ್ ಆಫ್ ಥ್ರೋನ್ಸ್'ನಷ್ಟು ಅನುಕೂಲವಾದುದು ಇನ್ನೊಂದಿಲ್ಲ. 2011ರ ಮೊದಲ ಸೀಸನ್ನಿನಲ್ಲಿ ಹತ್ತು ಕಂತುಗಳಿಗೆ 5ರಿಂದ 6 ಕೋಟಿ ಡಾಲರ್ ಖರ್ಚಾಗಿತ್ತೆಂದು ಅಂದಾಜು, 2019ರ ಕೊನೆಯ ಸೀಸನ್ನಿನಲ್ಲಿ ಕಂತೊಂದಕ್ಕೇ ಒಂದೂವರೆ ಕೋಟಿ ಡಾಲರಿನವರೆಗೆ ಹೋಯಿತೆಂದು ವರದಿಯಾಯಿತು.

ಮೊದಲ ಸೀಸನ್ನಿನ ಒಂಬತ್ತನೆಯ ಕಂತಿನಲ್ಲಿ ದೊಡ್ಡ ಯುದ್ಧವೊಂದು ನಡೆಯಬೇಕು, ಅದನ್ನು ಚಿತ್ರಿಸಲು ಹಣವಿಲ್ಲ. ಹಾಗಾಗಿ ಟಿರಿಯನ್ ಎಂಬ ಕುಳ್ಳ ಪಾತ್ರಕ್ಕೆ ಯುದ್ಧದ ಆರಂಭದಲ್ಲಿಯೇ ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪುತ್ತದೆ. ಅವನು ಕಣ್ಣು ಬಿಡುವ ಹೊತ್ತಿಗೆ ಯುದ್ಧ ಮುಗಿದಿರುತ್ತದೆ. ಹಿಂದಿನ ರಾತ್ರಿ ಡೇರೆಯೊಳಗೆ ಅವನು ತನ್ನ ಬದುಕಿನ ಕಥೆ ಹೇಳಿಕೊಳ್ಳುವ ದೃಶ್ಯವೇ ಆ ಯುದ್ಧದ ಜಾಗವನ್ನು ತುಂಬಿತು. ಹಾಗೆಂದು ಕೊರತೆಯನ್ನು ಆರಾಧಿಸಬಾರದು. ಅದೇ ಸೀಸನ್ನಿನಲ್ಲಿ ಒಬ್ಬ ಮಹಾರಾಜ ಬೆರಳೆಣಿಕೆಯ ಜನರೊಡನೆ ಕಾಲ್ನಡಿಗೆಯಲ್ಲಿ ಬೇಟೆಗೆ ಹೊರಟ ದೃಶ್ಯವನ್ನು ಮೂಲ ಕಾದಂಬರಿಯ ಲೇಖಕರೇ ಮೆಚ್ಚಲಿಲ್ಲ. ಕೆಲವೆಡೆ ಹಣದ ಅಭಾವ ಅಭಾವವಾಗಿಯೇ ಕಾಣುತ್ತದೆ.

ಕೊನೆಯ ಸೀಸನ್ನಿಗೆ ಬಂದರೆ ಯುದ್ಧಗಳಿಗೆ ಹಣದ ಕೊರತೆಯಿಲ್ಲ. ಆದರೆ ಮೊದಲ ಆರು ಸೀಸನ್‌ಗಳಲ್ಲಿ ತಲಾ ಹತ್ತಿದ್ದ ಕಂತುಗಳು ಏಳನೆಯದರಲ್ಲಿ ಏಳಕ್ಕೆ, ಎಂಟನೆಯದರಲ್ಲಿ ಆರಕ್ಕೆ ಇಳಿದವು. ಆಧಾರವಾಗಿದ್ದ ಕಾದಂಬರಿಮಾಲೆಯ ಪ್ರಕಟಿತ ಭಾಗಗಳನ್ನು ಕಥೆ ಆಗಲೇ ದಾಟಿತ್ತು. ತಿಂಗಳುಗಟ್ಟಲೆ ನಡೆಯಬೇಕಾದ ಪ್ರಯಾಣಗಳು ಒಂದು ದೃಶ್ಯದಿಂದ ಇನ್ನೊಂದಕ್ಕೆ ಹಾರುವಷ್ಟರಲ್ಲಿ ಮುಗಿಯತೊಡಗಿದವು. ಪಾತ್ರಗಳ ಮನಸ್ಸು ಬದಲಾಗುವುದಕ್ಕೆ ಬೇಕಾದ ದೃಶ್ಯಗಳಿಗೆ ಜಾಗವೇ ಉಳಿಯಲಿಲ್ಲ. ಸೀಸನ್ನನ್ನು ಮತ್ತೆ ತಯಾರಿಸಬೇಕೆಂಬ ಮನವಿಗೆ 15 ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಕಂತಿನ ಹಣ ಏರಿತು, ಕಥೆಯ ಸಮಯ ಇಳಿಯಿತು. ಇಳಿಮುಖಕ್ಕೆ ಹಣವನ್ನೇ ದೂರುವುದು ಅನ್ಯಾಯವಾದೀತು, ಆದರೆ ಆ ಹಣ ಅದನ್ನು ತಡೆಯಲಾರದೆ ಹೋಯಿತು ಎಂಬುದಂತೂ ಕಣ್ಣಿಗೆ ಕಟ್ಟುತ್ತದೆ.

'ಬ್ರೇಕಿಂಗ್ ಬ್ಯಾಡ್' ಎಂಬ ಅಮೆರಿಕನ್ ಸರಣಿಯ 2010ರ ಮೂರನೆಯ ಸೀಸನ್ನಿನಲ್ಲಿ ಖರ್ಚು ಮಿತಿಮೀರಿದಾಗ, ಇಬ್ಬರು ನಟರು ಒಂದೇ ಪ್ರಯೋಗಶಾಲೆಯಲ್ಲಿ ಒಂದು ನೊಣವನ್ನು ಅಟ್ಟಾಡಿಸುವ ಕಂತೊಂದನ್ನು ಹೆಣೆದರು. ಅದನ್ನು ಕೆಲವರು ಆ ಸರಣಿಯ ಅತ್ಯುತ್ತಮ ಕಂತೆನ್ನುತ್ತಾರೆ, ಕೆಲವರು ಬೇಸರ ತರಿಸುವ ಕಂತೆನ್ನುತ್ತಾರೆ. ಗೆಳೆಯರ ನಡುವೆ ಚರ್ಚೆಗಿಡುವುದಕ್ಕೆ ತುಂಬ ಒಳ್ಳೆಯ ಕಂತು.

ಯಾರ ಅಳತೆಗೋಲು

ಉತ್ತಮ ಎಂದು ಬರೆಯುವ ಮೊದಲು ಯಾರ ಲೆಕ್ಕದಲ್ಲಿ ಉತ್ತಮ ಎಂದು ಹೇಳಿಕೊಳ್ಳಬೇಕು. ಮೇಲೆ ಹೇಳಿದ 'ಗೇಮ್ ಆಫ್ ಥ್ರೋನ್ಸ್'ನ ಕೊನೆಯ ಸೀಸನ್ನಿಗೇ 2019ರಲ್ಲಿ ಅತ್ಯುತ್ತಮ ನಾಟಕ ಸರಣಿಯೆಂದು ಅಮೆರಿಕದ ಟಿ.ವಿ. ಪ್ರಶಸ್ತಿಯಾದ ಎಮ್ಮಿ ಬಂದಿತ್ತು. 'ರಿಂಗ್ಸ್ ಆಫ್ ಪವರ್'ಅನ್ನು ಮೊದಲ ದಿನವೇ ಜಗತ್ತಿನಾದ್ಯಂತ 2.5 ಕೋಟಿ ಜನ ನೋಡಿದರೆಂದು ಅಮೆಜಾನ್ ಸಂಸ್ಥೆ ಹೇಳಿಕೊಂಡಿತು, ಆರಂಭಿಸಿದವರಲ್ಲಿ ಕೊನೆಯವರೆಗೆ ನೋಡಿದವರು ಅಮೆರಿಕದಲ್ಲಿ ಶೇ. 37 ಮಾತ್ರ ಎಂದು 2023ರಲ್ಲಿ ಅಲ್ಲಿನ ಪತ್ರಿಕೆಯೊಂದು ವರದಿ ಮಾಡಿತು. ಆರಂಭಿಸಿದವರ ಸಂಖ್ಯೆ ಪ್ರಚಾರದ ಫಲ, ಮುಗಿಸಿದವರ ಪ್ರಮಾಣ ಬರಹದ ಫಲ. ಎರಡನೆಯದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ನಮ್ಮ ಕಡೆ ಇದಕ್ಕೆ ಒಳ್ಳೆಯ ನಿದರ್ಶನ ಸಿಕ್ಕಿದ್ದು 2020ರ ಲಾಕ್‌ಡೌನಿನಲ್ಲಿ. ಚಿತ್ರೀಕರಣ ನಿಂತುಹೋಗಿ, 2013ರ ಹಿಂದಿ 'ಮಹಾಭಾರತ' ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಪ್ರಸಾರವಾಯಿತು. ಅದರ ಮೂಲಕ್ಕೆ 100 ಕೋಟಿ ಖರ್ಚಾಗಿತ್ತೆಂಬ ವರದಿ ಇತ್ತು, ಅದರ ವೈಭವವನ್ನು ಜನ ಮೆಚ್ಚಿದರು. ಅದೇ ವರ್ಷ ಅಂಬೇಡ್ಕರರ ಜೀವನದ ಧಾರಾವಾಹಿ 'ಮಹಾನಾಯಕ' ಎಂಬ ಹೆಸರಿನಲ್ಲಿ ಜೀ ಕನ್ನಡದಲ್ಲಿ ಬಂದಾಗ ಊರೂರುಗಳಲ್ಲಿ ಜನರೇ ದುಡ್ಡು ಕೂಡಿಸಿ ಅದರ ಬ್ಯಾನರುಗಳನ್ನು ಕಟ್ಟಿದರು. ಯಾವ ಅರಮನೆಯ ಸೆಟ್ಟಿಗಾಗಿಯೂ ಹೀಗೆ ಬ್ಯಾನರು ಕಟ್ಟಿದ್ದನ್ನು ನೋಡಿದವರು ಕಡಿಮೆ.

ಇಲ್ಲಿಯೇ ಸರಣಿ ಮಾಡುವವರಿಗೆ

ಹುಬ್ಬಳ್ಳಿ, ಗದಗ, ಹಾವೇರಿಗಳಲ್ಲಿ ಯೂಟ್ಯೂಬಿಗೆಂದು ಕಿರುಸರಣಿ ಮಾಡುವ ತಂಡಗಳು ಈಗ ಬಹಳ ಇವೆ. ಇರುವ ಅಲ್ಪ ಹಣವನ್ನು ಹಂಚುವಾಗ ಮೇಲಿನ ಲೆಕ್ಕವನ್ನು ತಿರುಗಿಸಿ ಬಳಸಿಕೊಳ್ಳಬಹುದು. ಒಳ್ಳೆಯ ಕ್ಯಾಮರಾವನ್ನು ಇನ್ನೆರಡು ದಿನ ಬಾಡಿಗೆಗೆ ಹಿಡಿಯುವ ಹಣವಿದ್ದರೆ, ಅದನ್ನು ಮೊದಲು ಧ್ವನಿಗೆ ಕೊಡಿ. ಚಿತ್ರ ಸ್ವಲ್ಪ ಮಬ್ಬಾಗಿದ್ದರೂ ನೋಡುಗ ಸಹಿಸುತ್ತಾನೆ, ಮಾತು ಕೇಳಿಸದಿದ್ದರೆ ಅರ್ಧ ನಿಮಿಷದಲ್ಲಿ ಬಿಟ್ಟುಹೋಗುತ್ತಾನೆ. ಆಮೇಲೆ ತಾಲೀಮು. ಈ ಸೀಮೆಯಲ್ಲಿ ತಾಲೀಮು ಮಾಡಿಸಬಲ್ಲ ರಂಗಕರ್ಮಿಗಳಿಗೆ ಬರವಿಲ್ಲ. ಹಾನಗಲ್ಲ ತಾಲ್ಲೂಕಿನ ಶೇಷಗಿರಿಯಂಥ ಹಳ್ಳಿ ರಂಗಭೂಮಿಯಿಂದಲೇ ಹೆಸರಾಗಿದೆ, ಗದುಗಿನ ವೀರೇಶ್ವರ ಪುಣ್ಯಾಶ್ರಮ ತನ್ನದೇ ನಾಟಕ ಕಂಪನಿಯನ್ನು ನಡೆಸಿಕೊಂಡು ಬಂದಿದೆ, ಧಾರವಾಡದಲ್ಲಿ ರಂಗಾಯಣವಿದೆ. ಅಂಥವರೊಬ್ಬರನ್ನು ಕರೆದು ಹದಿನೈದು ಸಂಜೆ ಕೂರಿಸಿದರೆ ಆಗುವ ಖರ್ಚು ಡ್ರೋನ್ ಹಾರಿಸುವವನ ಖರ್ಚಿಗಿಂತ ಹೆಚ್ಚೇನೂ ಆಗುವುದಿಲ್ಲ, ಪರದೆಯ ಮೇಲೆ ಕಾಣುವ ವ್ಯತ್ಯಾಸ ಮಾತ್ರ ಬಹಳ.

ಬೆರಗಿನ ಸ್ಥಳ ಬೇಕೆಂದರೆ ಲಕ್ಕುಂಡಿ, ಬಂಕಾಪುರ, ಗಳಗನಾಥದ ಗುಡಿಗಳು ಹತ್ತಿರದಲ್ಲಿಯೇ ಇವೆ. ಆದರೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದಲ್ಲಿ ಚಿತ್ರೀಕರಣ ಮಾಡಬೇಕಾದರೆ ಮುಂಚಿತವಾಗಿ ಅರ್ಜಿ ಹಾಕಿ, ಶುಲ್ಕ ಕಟ್ಟಿ ಅನುಮತಿ ಪಡೆಯಬೇಕು. ಅನುಮತಿಗೆ ಹಿಡಿಯುವ ವಾರಗಳನ್ನು ಬರಹ ತಿದ್ದುವುದಕ್ಕೆ ಬಳಸಿಕೊಳ್ಳಿ. ಒಂದು ದೃಶ್ಯವನ್ನು ಅಲ್ಲಿಯೇ ತೆಗೆಯಬೇಕೆಂಬ ಹಟ ಆ ತಿದ್ದುವಿಕೆಯಲ್ಲಿ ತಾನಾಗಿಯೇ ಕಳಚಿಹೋಗುವುದೂ ಉಂಟು. 1966ರ 'ಸ್ಟಾರ್ ಟ್ರೆಕ್'ನವರಿಗೆ ಪ್ರತಿ ವಾರವೂ ಆಕಾಶನೌಕೆಯನ್ನು ಗ್ರಹದ ಮೇಲೆ ಇಳಿಸಿ ತೋರಿಸುವಷ್ಟು ಹಣವಿರಲಿಲ್ಲ. ಮನುಷ್ಯರು ಮಿನುಗಿ ಮಾಯವಾಗಿ ಇನ್ನೊಂದೆಡೆ ಪ್ರತ್ಯಕ್ಷರಾಗುವ ಯಂತ್ರವನ್ನು ಅವರು ಕಲ್ಪಿಸಿಕೊಂಡದ್ದು ಆ ಕಾರಣಕ್ಕಾಗಿ, ಇಂದು ಆ ಸರಣಿಯನ್ನು ನೋಡದವರೂ ಅದನ್ನು ಬಲ್ಲರು.

ನೋಡುಗರ ನೋಟ್‌ಬುಕ್ಕಿಗೆ ಮರಳುವುದಾದರೆ, ಮೆಚ್ಚಿದ ಸರಣಿಯೊಂದರ ಮುಂದಿನ ಸೀಸನ್ನಿಗೆ ಬಜೆಟ್ ದುಪ್ಪಟ್ಟಾಗಿದೆ ಎಂಬ ಸುದ್ದಿ ಬಂದಾಗ ಮೂರು ವಿಷಯಗಳನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಬರಹಗಾರರು ಹಿಂದಿನವರೇ ಇದ್ದಾರೆಯೇ, ಕಂತುಗಳ ಸಂಖ್ಯೆ ಇಳಿದಿದೆಯೇ, ಬಿಡುಗಡೆಯ ದಿನಾಂಕ ಬರಹ ಮುಗಿಯುವ ಮೊದಲೇ ಘೋಷಣೆಯಾಗಿದೆಯೇ. ಸೀಸನ್ ಬಂದ ಮೇಲೆ ನಡುವಿನ ಕಂತೊಂದನ್ನು ಆರಿಸಿ, ಮೊದಲು ಬೆನ್ನು ಹಾಕಿ ಕೇಳಿ, ಆಮೇಲೆ ನೋಡಿ.